ರಕ್ತನಾಳದಲ್ಲೇ ಕೊಬ್ಬು ಕರಗಿಸುವ ಎಂಜೈಮ್ ಇದೆಯಂತೆ, ಹಾಗಾದ್ರೆ ಬ್ಲಾಕ್ ಯಾಕೆ ಆಗುತ್ತೆ?

ಚಿಕ್ಕಮಗಳೂರ್ ಕಾಫಿ

ನಮ್ಮ ದೊಡ್ಡಪ್ಪನಿಗೆ ಕಳೆದ ವರ್ಷ ಸ್ಟೆಂಟ್ ಹಾಕಿದ್ದಾರೆ. ಮಾತ್ರೆ ತಪ್ಪದೆ ತಗೊಳ್ತಿದ್ದರು. ಈಗ ಪರಿಚಯದವರೊಬ್ಬರು ಒಂದು ಡಬ್ಬಿ "ಲಿಪೇಸ್ ಎಂಜೈಮ್ ಕ್ಯಾಪ್ಸೂಲ್" ತಂದುಕೊಟ್ಟಿದ್ದಾರೆ. ಹೃದಯದಲ್ಲಿ, ರಕ್ತನಾಳದಲ್ಲಿ ಕೊಬ್ಬು ಮತ್ತು ಕೊಲೆಸ್ಟ್ರಾಲ್ ಜೀರ್ಣ ಮಾಡುವ ಎಂಜೈಮ್ ಹುಟ್ಟಿನಿಂದಲೇ ಇರುತ್ತದಂತೆ. ವಯಸ್ಸಾದ ಮೇಲೆ ಅದು ಬತ್ತಿ ಹೋಗುತ್ತದಂತೆ. ಹೊರಗಿನಿಂದ ತುಂಬಿಸಿದರೆ ಬ್ಲಾಕ್ ತಾನಾಗೇ ಕರಗುತ್ತದಂತೆ. ದೊಡ್ಡಪ್ಪ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ನಿಲ್ಲಿಸುವ ಯೋಚನೆಯಲ್ಲಿದ್ದಾರೆ.

ಇದು ಪೂರ್ತಿ ಬೊಗಳೆಯೋ, ಸ್ವಲ್ಪ ನಿಜವೋ? ಅಂಥ ಎಂಜೈಮ್ ನಿಜವಾಗಿ ಇದ್ದರೆ ಬ್ಲಾಕ್ ಆಗೋದಾದರೂ ಯಾಕೆ? "ಡಾಕ್ಟರ್‌ನ ಕೇಳಿ" ಅಂತ ಮಾತ್ರ ಬರೆಯಬೇಡಿ, ಮುಂದಿನ ವಾರ ಹೋಗ್ತಿದ್ದೇವೆ. ದೊಡ್ಡಪ್ಪ ರಿಟೈರ್ಡ್ ಮೇಷ್ಟ್ರು. ಕಾರಣ ಹೇಳದೆ ಯಾವುದನ್ನೂ ಒಪ್ಪೋರಲ್ಲ.

ಧಾರವಾಡ ಪೇಡೆ

ಮೊದಲು ಸ್ಟ್ಯಾಟಿನ್ ನಿಲ್ಲಿಸಬ್ಯಾಡ್ರಿ ಅಂತ ಹೇಳ್ರಿ. ಕಾರಣ ಆಮೇಲೆ.

ಬಯೋಕೆಮ್ ಬೆಂಚ್

ಅರ್ಧ ನಿಜ. ಅದಕ್ಕೇ ಇಷ್ಟು ಸಲೀಸಾಗಿ ಮಾರಾಟವಾಗುತ್ತೆ.

ಎಂಜೈಮ್ ಇದೆ. ಒಂದಲ್ಲ, ಹಲವು ಇವೆ. ಹೃದಯದ ಮಟ್ಟಿಗೆ ದೊಡ್ಡ ಹೆಸರು ಲಿಪೊಪ್ರೋಟೀನ್ ಲಿಪೇಸ್, ಚಿಕ್ಕದಾಗಿ ಎಲ್‌ಪಿಎಲ್. ಅದು ಸಿಕ್ಕ ಕತೆ ಚೆನ್ನಾಗಿದೆ, ಮೇಷ್ಟ್ರಿಗೆ ಹಿಡಿಸಬಹುದು. 1943ರಲ್ಲಿ ಪಾಲ್ ಹಾನ್ ಎಂಬ ಅಮೆರಿಕದ ಸಂಶೋಧಕ ಕೊಬ್ಬಿನ ಊಟ ಮಾಡಿದ ನಾಯಿಗಳಿಗೆ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಚುಚ್ಚಿದರು. ಊಟದ ನಂತರ ಬೆಳ್ಳಗೆ ಮಂಕಾಗಿದ್ದ ಪ್ಲಾಸ್ಮಾ, ಅಂದರೆ ರಕ್ತದ ನೀರಿನಂಶ, ಬೇಗನೆ ತಿಳಿಯಾಯಿತು. ಆದರೆ ಅದೇ ಬಿಳಿ ಪ್ಲಾಸ್ಮಾವನ್ನು ಟ್ಯೂಬಿಗೆ ತೆಗೆದು ಹೆಪಾರಿನ್ ಬೆರೆಸಿದರೆ ಏನೂ ಆಗುವುದಿಲ್ಲ. ಅಂದರೆ ಕೊಬ್ಬು ಒಡೆಯುವುದು ಹೆಪಾರಿನ್ ಅಲ್ಲ. ದೇಹದೊಳಗೆ ಎಲ್ಲೋ ಅಂಟಿಕೊಂಡಿರುವ ಇನ್ನೇನನ್ನೋ ಅದು ಬಿಡಿಸಿ ರಕ್ತಕ್ಕೆ ತರುತ್ತಿದೆ. ಅದೇನು ಅಂತ 1955ರಲ್ಲಿ ಎಡ್ವರ್ಡ್ ಕಾರ್ನ್ ತೋರಿಸಿದರು. ಅವರು ಅದನ್ನು ತೆಗೆದದ್ದು ಇಲಿಯ ಹೃದಯದಿಂದ. ಹಾಗಾಗಿ "ಹೃದಯದಲ್ಲಿ ಕೊಬ್ಬಿನ ಎಂಜೈಮ್" ಅನ್ನೋದು ಹಳೇ ಮಾತು, ಗಟ್ಟಿ ಮಾತು.

ಹೃದಯಕ್ಕೆ ಅದು ಯಾಕೆ ಬೇಕು? ಹೃದಯದ ಮುಖ್ಯ ಉರುವಲು ಸಕ್ಕರೆಯಲ್ಲ, ಕೊಬ್ಬು. ಆರಾಮಾಗಿ ಕೂತಿರುವಾಗ ಅದಕ್ಕೆ ಬೇಕಾದ ಶಕ್ತಿಯ ಸುಮಾರು ಶೇ. 60-70 ಭಾಗ ಕೊಬ್ಬಿನ ಆಮ್ಲಗಳಿಂದ ಬರುತ್ತೆ. ಊಟದ ಕೊಬ್ಬು ಕೈಲೊಮೈಕ್ರಾನ್ ಎಂಬ ಕಣಗಳಲ್ಲಿ ಬರುತ್ತೆ. ಲಿವರ್ ಕಳಿಸಿದ್ದು ವಿಎಲ್‌ಡಿಎಲ್ ಕಣಗಳಲ್ಲಿ. ಈ ಕಣಗಳು ಹಾಗೇ ಸ್ನಾಯುವಿನೊಳಗೆ ಹೋಗಲಾರವು. ಹೃದಯದ ಸ್ನಾಯುಕೋಶ ಎಲ್‌ಪಿಎಲ್ ತಯಾರಿಸುತ್ತೆ. ಜಿಪಿಐಎಚ್‌ಬಿಪಿ1 ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ಸಣ್ಣ ರಕ್ತನಾಳದ ಒಳಮೈಗೆ ದಾಟಿಸಿ ಅಲ್ಲೇ ನಿಲ್ಲಿಸುತ್ತೆ. ಈ ದಾಟಿಸುವವನು ಯಾರು ಅಂತ ಗೊತ್ತಾದದ್ದು 2010ರಲ್ಲಿ. ಎಂಜೈಮ್ ಸಿಕ್ಕಿ ಅರ್ಧ ಶತಮಾನ ಆದ ಮೇಲೆ! ಅಲ್ಲಿ ಹಾದುಹೋಗುವ ಕಣವನ್ನು ಎಲ್‌ಪಿಎಲ್ ತಡೆದು, ಅದರೊಳಗಿನ ಟ್ರೈಗ್ಲಿಸರೈಡ್ (ಕೊಬ್ಬಿನ ಮಾಮೂಲಿ ರೂಪ) ಒಡೆದು, ಕೊಬ್ಬಿನ ಆಮ್ಲವನ್ನು ಸ್ನಾಯುವಿಗೆ ಕೊಡುತ್ತೆ.

ಇಲ್ಲಿ ಎರಡು ವಿಷಯ ಗಮನಿಸಿ. ಎಲ್‌ಪಿಎಲ್ ಒಡೆಯುವುದು ಟ್ರೈಗ್ಲಿಸರೈಡನ್ನು. ಕೊಲೆಸ್ಟ್ರಾಲನ್ನು ಅದು ಮುಟ್ಟೋದಿಲ್ಲ, ಅದು ಉಳಿಕೆ ಕಣದಲ್ಲೇ ಕೂತು ಲಿವರ್ ಕಡೆ ಹೋಗುತ್ತೆ. ಎರಡನೆಯದು, ಈ ಕೆಲಸ ನಡೆಯುವುದು ಕ್ಯಾಪಿಲರಿಗಳಲ್ಲಿ, ಅಂದರೆ ಕೂದಲಿಗಿಂತ ಸಣ್ಣ ನಾಳಗಳಲ್ಲಿ. ನಿಮ್ಮ ದೊಡ್ಡಪ್ಪನಿಗೆ ಬ್ಲಾಕ್ ಆದದ್ದು ದೊಡ್ಡ ಕೊರೊನರಿ ಅಪಧಮನಿಯ ಗೋಡೆಯೊಳಗೆ. ಜಾಗವೇ ಬೇರೆ.

ಚಿಕ್ಕಮಗಳೂರ್ ಕಾಫಿ

ಥ್ಯಾಂಕ್ಸ್ ಸರ್. ಆಂಜಿಯೋಪ್ಲಾಸ್ಟಿ ಮಾಡುವಾಗ ಇವರಿಗೂ ಹೆಪಾರಿನ್ ಕೊಟ್ಟಿದ್ದರು. ಹಾಗಾದರೆ ಆಗಲೂ ಇದು ನಡೆದಿರಬೇಕು ಅಲ್ವಾ? ದಿನಾ ಸ್ವಲ್ಪ ಸ್ವಲ್ಪ ಕೊಟ್ಟರೆ ಆಗಲ್ವಾ? (ನನ್ನ ಪ್ರಶ್ನೆ ಅಲ್ಲ, ದೊಡ್ಡಪ್ಪನದು. ಪಕ್ಕದಲ್ಲೇ ಕೂತು ಓದಿಸಿಕೊಳ್ತಿದ್ದಾರೆ.)

ಬಯೋಕೆಮ್ ಬೆಂಚ್

ನಡೆದೇ ಇರುತ್ತೆ. ಆದರೆ ಅವರಿಗೆ ಹೆಪಾರಿನ್ ಕೊಟ್ಟದ್ದು ರಕ್ತ ಹೆಪ್ಪುಗಟ್ಟದಿರಲಿ ಅಂತ. ಮೇಷ್ಟ್ರ ಯೋಚನೆ ಹೊಸದೇನಲ್ಲ, 1950ರ ದಶಕದಲ್ಲೇ ಕೆಲವರು ಹೃದಯದ ರೋಗಿಗಳಿಗೆ ಈ ಕಾರಣಕ್ಕೇ ಹೆಪಾರಿನ್ ಕೊಟ್ಟು ನೋಡಿದ್ದರು. ತೊಂದರೆ ಏನೆಂದರೆ, ಹೆಪಾರಿನ್ ಎಂಜೈಮನ್ನು ಹೊಸದಾಗಿ ಮಾಡೋದಿಲ್ಲ. ಗೋಡೆಯಲ್ಲಿ ನಿಂತದ್ದನ್ನು ಕಿತ್ತು ರಕ್ತಕ್ಕೆ ಬಿಡುತ್ತೆ. ಕೊಡುತ್ತಲೇ ಇದ್ದರೆ ಗೋಡೆಯ ದಾಸ್ತಾನು ಖಾಲಿಯಾಗುತ್ತೆ. ಮೇಲಿಂದ ರಕ್ತಸ್ರಾವದ ಅಪಾಯ.

ಲ್ಯಾಬ್ ನೈಟ್ ಶಿಫ್ಟ್

ಬಿಳಿ ಪ್ಲಾಸ್ಮಾ ವಿಷಯ ಬಂತಲ್ಲ, ಅದು ನಮಗೆ ದಿನನಿತ್ಯದ ಗೋಳು. ಸ್ಯಾಂಪಲ್ ಸೆಂಟ್ರಿಫ್ಯೂಜಿಗೆ ಹಾಕಿ ತೆಗೆದಾಗ ಮೇಲಿನ ಸೀರಮ್ ತಿಳಿ ಹಳದಿ ಇರಬೇಕು. ಕೆಲವರದ್ದು ಬೆಳ್ಳಗೆ, ಆ ಕಡೆಯ ಅಕ್ಷರ ಕಾಣದಷ್ಟು ಮಂಕಾಗಿರುತ್ತೆ. ನಾವು "ಲೈಪೀಮಿಕ್" ಅಂತ ರಿಮಾರ್ಕ್ ಹಾಕ್ತೀವಿ. ಮೆಷಿನ್ ಬೆಳಕು ಹಾಯಿಸಿ ಓದೋದಲ್ವಾ, ಅಷ್ಟು ಮಬ್ಬಿದ್ದರೆ ಬೇರೆ ಟೆಸ್ಟುಗಳೂ ಎಡವಟ್ಟಾಗುತ್ತವೆ.

ಹಳೇ ಕಾಲದ ಒಂದು ಪರೀಕ್ಷೆ ಇದೆ. ನಮ್ಮ ಸೀನಿಯರ್ ಮೇಡಂ ಈಗಲೂ ಹೊಸಬರಿಗೆ ತೋರಿಸ್ತಾರೆ. ಆ ಸೀರಮ್ಮನ್ನು ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಅಲ್ಲಾಡಿಸದೆ ಇಡಿ. ಬೆಳಿಗ್ಗೆ ಮೇಲೆ ಕೆನೆ ಕಟ್ಟಿ ಕೆಳಗೆ ತಿಳಿಯಾಗಿದ್ದರೆ ಅದು ಕೈಲೊಮೈಕ್ರಾನ್. ಕೆನೆ ಇಲ್ಲದೆ ಟ್ಯೂಬ್ ಪೂರ್ತಿ ಒಂದೇ ಥರ ಮಂಕಾಗಿದ್ದರೆ ವಿಎಲ್‌ಡಿಎಲ್. ಎರಡೂ ಇದ್ದರೆ ಮೇಲೆ ಕೆನೆ, ಕೆಳಗೂ ಮಂಕು. ದುಡ್ಡು ಖರ್ಚಿಲ್ಲದ ಟೆಸ್ಟ್!

ರಾತ್ರಿ ಬಿರಿಯಾನಿ ತಿಂದು ಬೆಳಿಗ್ಗೆ ಬೇಗ ರಕ್ತ ಕೊಡಲು ಬರೋರಲ್ಲಿ ಸ್ವಲ್ಪ ಮಂಕು ಇರೋದು ಮಾಮೂಲಿ. ಹನ್ನೆರಡು ಗಂಟೆ ಉಪವಾಸವಿದ್ದೂ ಕೆನೆ ಕಟ್ಟಿದರೆ ಮಾತ್ರ ಎಲ್‌ಪಿಎಲ್ ಕಡೆ ಬೆರಳು ತೋರಿಸಬೇಕಾಗುತ್ತೆ.

ಕರಾವಳಿ ಬಂಗುಡೆ

ಎಲ್‌ಪಿಎಲ್ ಹುಟ್ಟಿನಿಂದಲೇ ಇಲ್ಲದವರು ಇರ್ತಾರಾ? ಅಂಥವರಿಗೆ ಸಣ್ಣ ವಯಸ್ಸಲ್ಲೇ ಹಾರ್ಟ್ ಅಟ್ಯಾಕ್ ಆಗಬೇಕಲ್ಲ?

ಬಯೋಕೆಮ್ ಬೆಂಚ್

ಇರ್ತಾರೆ. ಹತ್ತು ಲಕ್ಷಕ್ಕೆ ಒಬ್ಬರೋ ಇಬ್ಬರೋ. ಟ್ರೈಗ್ಲಿಸರೈಡ್ 1000 ದಾಟಿ, ಎಷ್ಟೋ ಸಲ ಇನ್ನೂ ಮೇಲೆ ಹೋಗಿರುತ್ತೆ. 150ರ ಒಳಗಿರಬೇಕಾದ ಜಾಗದಲ್ಲಿ! ಹೊಟ್ಟೆನೋವು ಅಂತ ಬರ್ತಾರೆ, ಮೇದೋಜೀರಕ ಗ್ರಂಥಿ ಊದಿಕೊಂಡಿರುತ್ತೆ. ಮೊಣಕೈ, ಬೆನ್ನು, ಪೃಷ್ಠದ ಮೇಲೆ ಸಣ್ಣ ಹಳದಿ ಗುಳ್ಳೆಗಳು. ಕಣ್ಣಿನ ಹಿಂಬದಿಯ ರಕ್ತನಾಳ ನೋಡಿದರೆ ಅದೂ ಬಿಳಿಚಿಕೊಂಡಿರುತ್ತೆ.

ಆದರೆ ನಿಮ್ಮ ಎರಡನೇ ಪ್ರಶ್ನೆಯೇ ಮಜಾ ಇರೋದು. ಅವರನ್ನು ಕಾಡುವುದು ಮುಖ್ಯವಾಗಿ ಪ್ಯಾಂಕ್ರಿಯಾಟೈಟಿಸ್, ಅಂದರೆ ಆ ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಊತ. ಎಂಜೈಮ್ ಪೂರ್ತಿ ಇಲ್ಲ ಅಂದ ಮಾತ್ರಕ್ಕೆ ಎಳೆಯ ವಯಸ್ಸಲ್ಲೇ ಕೊರೊನರಿ ನಾಳ ಕಟ್ಟಿಕೊಂಡು ಬಿಡೋದಿಲ್ಲ. ಉಬ್ಬಿದ ಕೈಲೊಮೈಕ್ರಾನ್‌ಗಳು ಅಪಧಮನಿಯ ಗೋಡೆಯೊಳಗೆ ನುಗ್ಗಲಾರದಷ್ಟು ದಪ್ಪ ಅನ್ನೋದು ಒಂದು ಕಾರಣ. ಕಣ ಅರ್ಧ ಕರಗಿ ಸಣ್ಣದಾದ ಉಳಿಕೆಯೇ ಗೋಡೆಗೆ ಹೆಚ್ಚು ಅಪಾಯ.

ಇವರಿಗಾಗಿ ಒಂದು ಜೀನ್ ಚಿಕಿತ್ಸೆಯೇ ಬಂದಿತ್ತು, ಗ್ಲೈಬೆರಾ ಅಂತ. 2012ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು. ಪಾಶ್ಚಾತ್ಯ ದೇಶಗಳಲ್ಲಿ ಒಪ್ಪಿಗೆ ಪಡೆದ ಮೊದಲ ಜೀನ್ ಚಿಕಿತ್ಸೆ ಅದು. ಎಲ್‌ಪಿಎಲ್ ಜೀನನ್ನು ವೈರಸ್ಸಿನಲ್ಲಿಟ್ಟು ಕಾಲಿನ ಸ್ನಾಯುಗಳಿಗೆ ಚುಚ್ಚುತ್ತಿದ್ದರು. ಬೆಲೆ ಸುಮಾರು ಹತ್ತು ಲಕ್ಷ ಯೂರೋ. ಕೊಳ್ಳುವವರಿಲ್ಲದೆ 2017ರಲ್ಲಿ ಅಂಗಡಿ ಮುಚ್ಚಿತು. ಕ್ಯಾಪ್ಸೂಲಿನಲ್ಲಿ ನುಂಗಿದರೆ ಕೆಲಸ ಆಗುವ ಹಾಗಿದ್ದಿದ್ದರೆ ಇಷ್ಟೆಲ್ಲ ಯಾಕೆ ಕಷ್ಟಪಡಬೇಕಿತ್ತು ಹೇಳಿ.

ಧಾರವಾಡ ಪೇಡೆ

ನಡುವೆ ಒಂದು ಸಂಶಯ. ನಮ್ಮಪ್ಪನ ರಿಪೋರ್ಟ್‌ನಾಗ "ಲಿಪೇಸ್" ಅಂತ ಒಂದು ಸಾಲು ಇತ್ತು, ಮಿತಿಗಿಂತ ಭಾಳ ಜಾಸ್ತಿ. ಮನ್ಯಾಗ ಎಲ್ಲಾರೂ "ಛಲೋ ಆತು, ಕೊಬ್ಬು ಕರಗ್ತದ" ಅಂತ ಖುಷಿಯಾಗಿದ್ರು.

ಲ್ಯಾಬ್ ನೈಟ್ ಶಿಫ್ಟ್

ಅಯ್ಯೋ, ಖುಷಿಪಡೋ ವಿಷಯ ಅಲ್ಲ ಅಣ್ಣಾ. ರಕ್ತದ ರಿಪೋರ್ಟಿನಲ್ಲಿ ಬರುವ ಲಿಪೇಸ್ ಪ್ಯಾಂಕ್ರಿಯಾಸ್‌ನದು. ಕರುಳಿಗೆ ಹೋಗಬೇಕಾದದ್ದು ರಕ್ತಕ್ಕೆ ಸೋರ್ತಿದೆ ಅಂತ ಅರ್ಥ. ಮಿತಿಯ ಮೂರು ಪಟ್ಟು ದಾಟಿ, ಜೊತೆಗೆ ಹೊಟ್ಟೆನೋವೂ ಇದ್ದರೆ ಮೊದಲು ಪ್ಯಾಂಕ್ರಿಯಾಟೈಟಿಸ್ ಅಂತಲೇ ನೋಡೋದು. ಎಲ್‌ಪಿಎಲ್ ಅಳೆಯೋ ಟೆಸ್ಟ್ ಮಾಮೂಲಿ ಲ್ಯಾಬಿನಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಹೆಪಾರಿನ್ ಕೊಟ್ಟು ಆಮೇಲೆ ರಕ್ತ ತೆಗೀಬೇಕು. ಆ ರಿಪೋರ್ಟ್ ಯಾವಾಗಿನದು? ಈಚಿನದಾದರೆ ಇವತ್ತೇ ಡಾಕ್ಟರಿಗೆ ತೋರಿಸಿ.

ಧಾರವಾಡ ಪೇಡೆ

ಎರಡು ವರ್ಷದ ಹಿಂದಿಂದು. ಆವಾಗ ಅಡ್ಮಿಟ್ ಮಾಡಿದ್ವಿ, ಈಗ ಆರಾಮ ಅದಾರ. ಈಗ ತಿಳೀತು ಯಾಕ ಅಡ್ಮಿಟ್ ಮಾಡ್ಕೊಂಡ್ರು ಅಂತ.

ಸ್ಲೈಡ್ ನೋಡೋಳು

ಪೆಥಾಲಜಿ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಇಲ್ಲಿವರೆಗೆ ಮಾತಾಡಿದ್ದು ಟ್ರೈಗ್ಲಿಸರೈಡ್. ಬ್ಲಾಕ್ ಒಳಗಿನ ಸರಕು ಮುಖ್ಯವಾಗಿ ಕೊಲೆಸ್ಟ್ರಾಲ್.

ಅಪಧಮನಿಯಿಂದ ತೆಗೆದ ಪ್ಲಾಕ್ (ಬ್ಲಾಕ್ ಮಾಡುವ ಗಂಟು) ನಮ್ಮ ಟೇಬಲ್ಲಿಗೆ ಬಂದಾಗ ಎಷ್ಟೋ ಸಲ ಚಾಕು ಹಾಯೋದಿಲ್ಲ, ಅಷ್ಟು ಕ್ಯಾಲ್ಸಿಯಂ ಕಟ್ಟಿರುತ್ತೆ. ಮೊದಲು ಆಮ್ಲದಲ್ಲಿಟ್ಟು ಅದನ್ನು ಮೆತ್ತಗೆ ಮಾಡಬೇಕು. ಆಮೇಲೆ ಆಲ್ಕೊಹಾಲ್, ಝೈಲೀನ್ ದಾಟಿಸಿ, ಮೇಣದಲ್ಲಿ ಕೂರಿಸಿ, ತೆಳುವಾಗಿ ಕೊಯ್ದು ಬಣ್ಣ ಹಾಕ್ತೀವಿ. ಈ ದಾರಿಯಲ್ಲಿ ಕೊಲೆಸ್ಟ್ರಾಲ್ ಕರಗಿ ಹೋಗಿರುತ್ತೆ. ಸ್ಲೈಡಿನಲ್ಲಿ ಕಾಣುವುದು ಅದು ಇದ್ದ ಜಾಗ ಮಾತ್ರ: ಎರಡೂ ತುದಿ ಚೂಪಾದ, ಉದ್ದನೆಯ ಖಾಲಿ ಸೀಳುಗಳು, ಅಡ್ಡಾದಿಡ್ಡಿ. ಅಲ್ಲಿ ಕೊಲೆಸ್ಟ್ರಾಲ್ ಹರಳು ಕಟ್ಟಿತ್ತು ಅಂತ ಅರ್ಥ. ಪಕ್ಕದಲ್ಲಿ ಹೊಟ್ಟೆ ತುಂಬ ಕೊಬ್ಬಿನ ಹನಿ ತುಂಬಿಕೊಂಡ ಫೋಮ್ ಸೆಲ್‌ಗಳು. ಇವು ಹೆಚ್ಚಿನಂಶ ಮ್ಯಾಕ್ರೊಫೇಜ್‌ಗಳು, ಅಂದರೆ ಕಸ ನುಂಗುವ ಬಿಳಿ ರಕ್ತಕಣಗಳ ಮನೆತನ.

ಈ ಮ್ಯಾಕ್ರೊಫೇಜ್ ಒಳಗೆ ಕೊಲೆಸ್ಟ್ರಾಲಿಗೆ ಸಂಬಂಧಪಟ್ಟ ಎಂಜೈಮ್ ನಿಜವಾಗಿ ಇದೆ. ಹೆಸರು ಲೈಸೊಸೋಮಲ್ ಆಸಿಡ್ ಲಿಪೇಸ್. ನುಂಗಿದ ಎಲ್‌ಡಿಎಲ್ ಕಣ (ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತರುವುದು) ಲೈಸೊಸೋಮ್ ಎಂಬ ಹುಳಿ ಚೀಲಕ್ಕೆ ಹೋಗುತ್ತೆ. ಅಲ್ಲಿ ಕೊಲೆಸ್ಟ್ರಾಲಿಗೆ ಅಂಟಿದ ಕೊಬ್ಬಿನ ಬಾಲವನ್ನು ಈ ಎಂಜೈಮ್ ಕತ್ತರಿಸುತ್ತೆ. ಅಷ್ಟೇ. ಬಾಲ ಹೋಯಿತು, ಕೊಲೆಸ್ಟ್ರಾಲ್ ಹಾಗೇ ಉಳಿಯಿತು. ದಯವಿಟ್ಟು ಇದನ್ನು ದೊಡ್ಡಪ್ಪನಿಗೆ ಎರಡು ಸಲ ಓದಿ ಹೇಳಿ: ಕೊಲೆಸ್ಟ್ರಾಲ್ ಅಣುವಿನ ಕಾರ್ಬನ್ ಉಂಗುರಗಳನ್ನು ಒಡೆದು ಹಾಕುವ ಎಂಜೈಮ್ ಮನುಷ್ಯನ ಯಾವ ಕೋಶದಲ್ಲೂ ಇಲ್ಲ. ಹೃದಯದಲ್ಲಿಲ್ಲ, ಲಿವರಿನಲ್ಲೂ ಇಲ್ಲ. ಲಿವರ್ ಅದನ್ನು ಪಿತ್ತದ ಆಮ್ಲವಾಗಿ ಮಾರ್ಪಡಿಸಿಯೋ, ಇದ್ದ ಹಾಗೆಯೋ ಪಿತ್ತದ ಜೊತೆ ಕರುಳಿಗೆ ಬಿಡುತ್ತೆ. ಹೊರಹಾಕುವುದೊಂದೇ ದಾರಿ. (ಕ್ಷಯದ ಬ್ಯಾಕ್ಟೀರಿಯಾದಂಥ ಕೆಲವು ಬ್ಯಾಕ್ಟೀರಿಯಾಗಳಿಗೆ ಆ ಉಂಗುರ ಒಡೆದು ತಿನ್ನೋದು ಗೊತ್ತು. ನಮಗಿಲ್ಲದ ಶಕ್ತಿ ಅವಕ್ಕಿದೆ!)

ಬಾಲ ಕಳೆದುಕೊಂಡ ಕೊಲೆಸ್ಟ್ರಾಲ್ ಜಾಸ್ತಿಯಾದರೆ ಕೋಶಕ್ಕೇ ವಿಷ. ಆಗ ಅಕ್ಯಾಟ್ ಎಂಬ ಇನ್ನೊಂದು ಎಂಜೈಮ್ ಮತ್ತೆ ಬಾಲ ಅಂಟಿಸಿ ಹನಿಯಾಗಿ ಕೂಡಿಡುತ್ತೆ. ಆ ಹನಿಯನ್ನು ಬಿಡಿಸಲು ಮತ್ತೊಂದು ಎಂಜೈಮ್. ಬಿಡಿಸಿದ್ದನ್ನು ಎಬಿಸಿಎ1 ಎಂಬ ಬಾಗಿಲಿನಿಂದ ಎಚ್‌ಡಿಎಲ್‌ಗೆ (ಕೊಲೆಸ್ಟ್ರಾಲನ್ನು ವಾಪಸ್ ಲಿವರಿಗೆ ಒಯ್ಯುವ ಕಣ) ಒಪ್ಪಿಸಬೇಕು. ಒಳಗೆ ಬರೋದು ಜಾಸ್ತಿ, ಹೊರಗೆ ಹೋಗೋದು ಕಮ್ಮಿ ಆದಾಗ ಕೋಶ ಸಾಯುತ್ತೆ, ಒಳಗಿದ್ದದ್ದೆಲ್ಲ ಗೋಡೆಯಲ್ಲೇ ಚೆಲ್ಲುತ್ತೆ. ಪ್ಲಾಕ್ ಮಧ್ಯದ ಆ ಸತ್ತ ಜಾಗದಲ್ಲಿ ಕೆಲಸ ಮಾಡುವ ಕೋಶವೇ ಉಳಿದಿರಲ್ಲ. ಎಂಜೈಮ್ ಎಷ್ಟಿದ್ದು ಏನು ಪ್ರಯೋಜನ?

ಚಿಕ್ಕಮಗಳೂರ್ ಕಾಫಿ

ಎರಡು ಸಲ ಓದಿದೆ ಮೇಡಂ. ಮೂರನೇ ಸಲ ಅವರೇ ಫೋನ್ ಕಿತ್ತುಕೊಂಡು ಓದಿದರು. "ಹಾಗಾದರೆ ಆ ಆಸಿಡ್ ಲಿಪೇಸ್ ಜಾಸ್ತಿ ಇದ್ದವರಿಗೆ ಬ್ಲಾಕ್ ಕಮ್ಮಿ ಇರಬೇಕಲ್ಲ" ಅಂತಿದ್ದಾರೆ.

ಬಯೋಕೆಮ್ ಬೆಂಚ್

ಹಾಗೇ ಅಂದುಕೊಳ್ಳಬೇಕು, ಆದರೆ ಲೆಕ್ಕ ಉಲ್ಟಾ ಬಂದಿದೆ. ಈ ಎಂಜೈಮಿನ ಜೀನ್ ಹೆಸರು ಲೈಪಾ. 2011ರಲ್ಲಿ ದೊಡ್ಡ ಜೀನ್ ಅಧ್ಯಯನಗಳಲ್ಲಿ ಕೊರೊನರಿ ರೋಗಕ್ಕೂ ಈ ಜೀನಿಗೂ ನಂಟು ಸಿಕ್ಕಿತು. ರೋಗದ ಅಪಾಯ ಹೆಚ್ಚಿಸುವ ರೂಪ ಇದ್ದವರ ಬಿಳಿ ರಕ್ತಕಣಗಳಲ್ಲಿ ಲೈಪಾ ಚಟುವಟಿಕೆ ಕಮ್ಮಿ ಇರಲಿಲ್ಲ, ಜಾಸ್ತಿ ಇತ್ತು!

ಎಲ್‌ಪಿಎಲ್ ಕತೆಯೂ ಹಾಗೇ. ಪ್ಲಾಕ್ ಒಳಗಿನ ಮ್ಯಾಕ್ರೊಫೇಜ್‌ಗಳೂ ಎಲ್‌ಪಿಎಲ್ ಬಿಡುತ್ತವೆ. ಅಪಧಮನಿಯ ಗೋಡೆಯಲ್ಲಿ ಅದು ಹಲಸಿನ ಮೇಣ ಇದ್ದ ಹಾಗೆ. ಒಂದು ಕೈಯಲ್ಲಿ ಗೋಡೆಯ ನಾರು, ಇನ್ನೊಂದರಲ್ಲಿ ಎಲ್‌ಡಿಎಲ್ ಹಿಡಿದು ಅಲ್ಲೇ ಅಂಟಿಸಿ ಕೂರಿಸುತ್ತೆ. ಮ್ಯಾಕ್ರೊಫೇಜಿನಲ್ಲಿ ಮಾತ್ರ ಎಲ್‌ಪಿಎಲ್ ಇಲ್ಲದಂತೆ ಮಾಡಿದ ಇಲಿಗಳಲ್ಲಿ ಪ್ಲಾಕ್ ಕಮ್ಮಿ ಆಯಿತು. ಅದೇ ಹೊತ್ತಿಗೆ, ಹುಟ್ಟಿನಿಂದ ಎಲ್‌ಪಿಎಲ್ ಸ್ವಲ್ಪ ಚುರುಕಾಗಿರುವ ಜನರಿದ್ದಾರೆ. ಅವರ ಎಂಜೈಮಿನ 448 ಅಮೈನೋ ಆಮ್ಲಗಳಲ್ಲಿ ಕೊನೆಯ ಎರಡು ಇರೋದಿಲ್ಲ. ಅವರಿಗೆ ಟ್ರೈಗ್ಲಿಸರೈಡ್ ಕಮ್ಮಿ, ಹೃದಯರೋಗವೂ ಕಮ್ಮಿ. ಕ್ಯಾಪಿಲರಿಯಲ್ಲಿ ಒಳ್ಳೆಯದು, ಪ್ಲಾಕಿನಲ್ಲಿ ಕೆಟ್ಟದ್ದು. ಎಂಜೈಮ್ ಒಂದೇ. ಹಾಗಾಗಿ "ಎಷ್ಟಿದೆ" ಅಂತ ಕೇಳಿದರೆ ಉತ್ತರ ಸಿಗಲ್ಲ, "ಎಲ್ಲಿದೆ" ಅಂತ ಕೇಳಬೇಕು.

ಹೃದಯದ ಸ್ನಾಯುವಿನಲ್ಲೂ ಅತಿಯಾದರೆ ಕಷ್ಟ. ಹೃದಯದಲ್ಲಿ ಎಲ್‌ಪಿಎಲ್ ಜಾಸ್ತಿ ಮಾಡಿದ ಇಲಿಗಳ ಹೃದಯ ಕೊಬ್ಬು ತುಂಬಿ ಹಿಗ್ಗಿ ಸೋತಿತು. ಇನ್ನು ಸ್ನಾಯುಕೋಶದ ಒಳಗಿನ ಕೊಬ್ಬಿನ ಹನಿ ಒಡೆಯೋದು ಎಟಿಜಿಎಲ್ ಎಂಬ ಬೇರೆ ಎಂಜೈಮ್. ಆಸ್ಟ್ರಿಯಾದ ಗ್ರಾಝ್‌ನಲ್ಲಿ ರುಡಾಲ್ಫ್ ಝೆಖ್ನರ್ ತಂಡ 2004ರಲ್ಲಿ ಕಂಡುಹಿಡಿದದ್ದು. ಅದು ಕೆಟ್ಟವರಲ್ಲಿ ಏನಾಗುತ್ತೆ ಅಂತ 2008ರಲ್ಲಿ ಜಪಾನಿನ ಒಸಾಕಾದಿಂದ ವರದಿ ಬಂತು. ಹೃದಯ ಕಸಿ ಬೇಕಾದ ಸ್ಥಿತಿಗೆ ಬಂದ ರೋಗಿ. ಹೃದಯದ ಸ್ನಾಯುವಿನಲ್ಲೂ ಕೊರೊನರಿ ನಾಳದ ಗೋಡೆಯಲ್ಲೂ ಟ್ರೈಗ್ಲಿಸರೈಡ್ ತುಂಬಿತ್ತು. ಇದಕ್ಕೆ ಈಗ ಅಲ್ಲಿ ಪ್ರತ್ಯೇಕ ರೋಗದ ಹೆಸರೇ ಇದೆ.

ಲ್ಯಾಬ್ ನೈಟ್ ಶಿಫ್ಟ್

ಎಟಿಜಿಎಲ್ ಕೊರತೆ ಇರೋರ ಬ್ಲಡ್ ಸ್ಮಿಯರ್‌ನಲ್ಲಿ (ಗಾಜಿನ ಮೇಲೆ ಹರಡಿದ ರಕ್ತ) ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣದ ಒಳಗೆ ದುಂಡಗಿನ ಖಾಲಿ ಗುಳ್ಳೆ ಕಾಣುತ್ತವೆ ಅಲ್ವಾ ಸರ್? ಜೋರ್ಡನ್ಸ್ ಅನಾಮಲಿ. ಪುಸ್ತಕದಲ್ಲಿ ಓದಿದ್ದೇನೆ, ಕಣ್ಣಾರೆ ಕಂಡಿಲ್ಲ. ಕಂಡರೆ ಆ ದಿನ ಲ್ಯಾಬಿಗೆಲ್ಲ ನನ್ನದೇ ಟ್ರೀಟ್.

ಕರಾವಳಿ ಬಂಗುಡೆ

ನಮ್ಮ ಕಡೆ ತೆಂಗಿನೆಣ್ಣೆ ಎಂಸಿಟಿ, ಅದಕ್ಕೆ ಎಲ್‌ಪಿಎಲ್ಲೇ ಬೇಡ, ಸೀದಾ ಕರಗುತ್ತೆ ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ಇದನ್ನೂ ಇತ್ಯರ್ಥ ಮಾಡಿ.

ಬಯೋಕೆಮ್ ಬೆಂಚ್

ಎಂಸಿಟಿ, ಅಂದರೆ ಮಧ್ಯಮ ಸರಪಳಿಯ ಕೊಬ್ಬು, ಕರುಳಿನಿಂದ ಸೀದಾ ಲಿವರಿಗೆ ಹೋಗುತ್ತೆ, ಕೈಲೊಮೈಕ್ರಾನ್ ಬೇಡ. ಎಲ್‌ಪಿಎಲ್ ಇಲ್ಲದವರಿಗೆ ಡಯಟಿಷಿಯನ್ ಎಂಸಿಟಿ ಎಣ್ಣೆ ಕೊಡೋದು ಅದಕ್ಕೇ. ಆದರೆ ಆ ಎಣ್ಣೆಯಲ್ಲಿರೋದು 8 ಮತ್ತು 10 ಕಾರ್ಬನ್‌ನ ಆಮ್ಲಗಳು. ತೆಂಗಿನೆಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧ 12 ಕಾರ್ಬನ್‌ನ ಲಾರಿಕ್ ಆಮ್ಲ. ಅದರಲ್ಲಿ ಬಹಳಷ್ಟು ಮಾಮೂಲಿ ದಾರಿಯಲ್ಲೇ ಹೋಗುತ್ತೆ, ಎಲ್‌ಡಿಎಲ್ಲನ್ನೂ ಏರಿಸುತ್ತೆ. ಗಸಿಗೆ ಹಾಕಿ ತಿನ್ನಿ, ರುಚಿಗೆ. ಔಷಧಿ ಅಂತ ಕುಡೀಬೇಡಿ.

ಚಿಕ್ಕಮಗಳೂರ್ ಕಾಫಿ

ಎಲ್‌ಪಿಎಲ್ ಜಾಸ್ತಿ ಮಾಡೋ ನಿಜವಾದ ಔಷಧಿ ಯಾವುದೂ ಇಲ್ವಾ? ಇದು ನನ್ನದೇ ಪ್ರಶ್ನೆ.

ಬಯೋಕೆಮ್ ಬೆಂಚ್

ಇದೆ. ಫೈಬ್ರೇಟ್ ಗುಂಪಿನ ಮಾತ್ರೆಗಳು ಎಲ್‌ಪಿಎಲ್ ಹೆಚ್ಚಿಸುತ್ತವೆ, ಟ್ರೈಗ್ಲಿಸರೈಡ್ ಇಳಿಸುತ್ತವೆ. ಪೆಮಾಫೈಬ್ರೇಟ್ ಅನ್ನೋದನ್ನು ಹತ್ತು ಸಾವಿರಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರಲ್ಲಿ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಕೊಟ್ಟರು. ಹೆಚ್ಚಿನವರು ಸ್ಟ್ಯಾಟಿನ್ ಮೇಲೇ ಇದ್ದವರು. ಟ್ರೈಗ್ಲಿಸರೈಡ್ ಸುಮಾರು ಶೇ. 26 ಇಳಿಯಿತು. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಇಳಿಯಲಿಲ್ಲ. ಮೇಷ್ಟ್ರು ಇದರ ಮೇಲೆ ಸ್ವಲ್ಪ ಹೊತ್ತು ಯೋಚಿಸಲಿ. ಕಾಗದದ ಮೇಲಿನ ಅಂಕಿ ಇಳಿದದ್ದಕ್ಕೂ ನಾಳ ಉಳಿದದ್ದಕ್ಕೂ ಸಂಬಂಧ ಇರಲೇಬೇಕಿಲ್ಲ.

ಸ್ಟ್ಯಾಟಿನ್ ಕತೆ ಬೇರೆ. ಅದು ಗೋಡೆಯೊಳಗಿನ ಎಂಜೈಮಿನ ಗೋಜಿಗೇ ಹೋಗಲ್ಲ. ಲಿವರ್ ರಕ್ತದಿಂದ ಹೆಚ್ಚು ಎಲ್‌ಡಿಎಲ್ ಎಳೆದುಕೊಳ್ಳುವಂತೆ ಮಾಡುತ್ತೆ. ಗೋಡೆಗೆ ಬರುವ ಸರಕೇ ಕಮ್ಮಿ ಆಗುತ್ತೆ. ದಿನಾ ನಡೆಯೋದರಿಂದಲೂ ಕಾಲಿನ ಸ್ನಾಯುವಿನಲ್ಲಿ ಎಲ್‌ಪಿಎಲ್ ಏರುತ್ತೆ, ಅದಕ್ಕೆ ಡಬ್ಬಿ ಬೇಡ.

ಸ್ಲೈಡ್ ನೋಡೋಳು

ಕ್ಯಾಪ್ಸೂಲ್ ಬಗ್ಗೆ ಯಾರೂ ನೇರ ಉತ್ತರ ಕೊಟ್ಟಿಲ್ಲ, ನಾನೇ ಹೇಳಿಬಿಡ್ತೀನಿ. ಲಿಪೇಸ್ ಒಂದು ಪ್ರೋಟೀನ್. ನುಂಗಿದರೆ ಹೊಟ್ಟೆಯ ಆಮ್ಲದಲ್ಲಿ ಬೇಳೆಯ ಪ್ರೋಟೀನಿನ ಗತಿಯೇ ಅದಕ್ಕೂ. ಪ್ಯಾಂಕ್ರಿಯಾಸ್ ಕೈಕೊಟ್ಟವರಿಗೆ ಡಾಕ್ಟರ್ ಕೊಡುವ ಎಂಜೈಮ್ ಕ್ಯಾಪ್ಸೂಲಿಗೆ ಆಮ್ಲ ತಡೆಯುವ ಲೇಪ ಇರುತ್ತೆ. ಅದೂ ಕರುಳಿನಲ್ಲೇ ಊಟದ ಕೊಬ್ಬು ಜೀರ್ಣ ಮಾಡೋದು, ರಕ್ತಕ್ಕೆ ಹೋಗಿ ನಾಳ ತೊಳೆಯೋದಲ್ಲ.

ಕೋಶದೊಳಗಿನ ಎಂಜೈಮನ್ನು ಹೊರಗಿನಿಂದ ಕೊಡೋದು ಸಾಧ್ಯವೇ ಇಲ್ಲ ಅಂತಲ್ಲ. ಆಸಿಡ್ ಲಿಪೇಸ್ ಇಲ್ಲದೆ ಹುಟ್ಟುವ ಮಕ್ಕಳಿದ್ದಾರೆ. 1956ರಲ್ಲಿ ಇಸ್ರೇಲಿನ ಮೋಶೆ ವೋಲ್ಮನ್ ಮತ್ತು ಸಂಗಡಿಗರು ವಿವರಿಸಿದ ಕಾಯಿಲೆ. ಲಿವರ್ ಊದಿ, ಅಡ್ರಿನಲ್ ಗ್ರಂಥಿಯಲ್ಲಿ ಕ್ಯಾಲ್ಸಿಯಂ ಕಟ್ಟಿ, ಚಿಕಿತ್ಸೆ ಇಲ್ಲದಿದ್ದರೆ ಸಾಮಾನ್ಯವಾಗಿ ವರ್ಷ ತುಂಬುವುದರೊಳಗೆ ಮಗು ಹೋಗುತ್ತೆ. 2015ರಲ್ಲಿ ಅದಕ್ಕೆ ಸೆಬೆಲಿಪೇಸ್ ಎಂಬ ಔಷಧಿ ಬಂತು. ಜೀನ್ ಬದಲಿಸಿದ ಕೋಳಿಗಳ ಮೊಟ್ಟೆಯ ಬಿಳಿಭಾಗದಿಂದ ಈ ಎಂಜೈಮ್ ತೆಗೀತಾರೆ. ಅದನ್ನು ನುಂಗಿಸಲ್ಲ. ರಕ್ತನಾಳಕ್ಕೆ ಡ್ರಿಪ್ ಹಾಕ್ತಾರೆ, ವಾರಕ್ಕೋ ಎರಡು ವಾರಕ್ಕೋ ಒಮ್ಮೆ, ನಿಲ್ಲಿಸದೆ. ಎಂಜೈಮಿನ ಮೈಮೇಲಿನ ಸಕ್ಕರೆಯ ಗುರುತು ಹಿಡಿದು ಕೋಶ ಅದನ್ನು ಒಳಗೆ ಎಳೆದುಕೊಳ್ಳುತ್ತೆ. ಅದೂ ಹುಟ್ಟಾ ಕೊರತೆ ಇರೋರಿಗೆ ಮಾತ್ರ, ಬ್ಲಾಕಿಗಲ್ಲ.

ಚಿಕ್ಕಮಗಳೂರ್ ಕಾಫಿ

ಎಲ್ಲರಿಗೂ ಥ್ಯಾಂಕ್ಸ್. ಸ್ಟ್ಯಾಟಿನ್ ಮುಂದುವರಿಸ್ತಾರಂತೆ. ಡಬ್ಬಿ ತಂದುಕೊಟ್ಟವರಿಗೆ ವಾಪಸ್ ಕೊಡುವಾಗ "ಉಂಗುರ ಒಡೆಯೋ ಎಂಜೈಮ್ ಇದರಲ್ಲಿದೆಯಾ ಕೇಳ್ತೀನಿ" ಅಂತ ಆಗಲೇ ನೋಟ್‌ಬುಕ್ಕಲ್ಲಿ ಬರೆದುಕೊಂಡಿದ್ದಾರೆ. ಒಂದು ಕೊನೇ ಪ್ರಶ್ನೆ ಉಳಿದಿದೆಯಂತೆ: ಆ ಕೋಳಿಯ ಮೊಟ್ಟೆಯನ್ನು ಆಮ್ಲೆಟ್ ಮಾಡಿ ತಿಂದರೆ?

ಸ್ಲೈಡ್ ನೋಡೋಳು

ಕಾವಲಿಗೆ ಬಿದ್ದ ತಕ್ಷಣ ಎಂಜೈಮ್ ಸತ್ತಿರುತ್ತೆ. ಆಮ್ಲೆಟ್ ಚೆನ್ನಾಗಿರಬಹುದು.